ಅಕ್ಕನ ಮಂಡೆಗೆ ಬಸಳೆಯ ರಸ

ಬಸಳೆಯನ್ನು ನಾವು ಹೊಟ್ಟೆಗೆ ಹಾಕುವವರು, ಮಂಡೆಗೆ ಅಲ್ಲ. ಉಡುಪಿ ಕಡೆಯಲ್ಲಿ ಬಸಳೆ ಚಪ್ಪರ ಇಲ್ಲದ ಹಿತ್ತಿಲು ಸಿಗುವುದು ಕಷ್ಟ. ಅದರ ದಂಟು, ಎಲೆ ಎಲ್ಲ ಹೋಗಿ ಸೇರುವುದು ತೆಂಗಿನಕಾಯಿ ಅರೆದು ಮಾಡಿದ ಪದಾರ್ಥಕ್ಕೆ. ಸಿಗಡಿ ಇದ್ದ ದಿನ ಸಿಗಡಿಯ ಜೊತೆಗೆ. ಹಾಗಿರುವಾಗ ಒಂದು ಬೇಸಗೆಯ ಮಧ್ಯಾಹ್ನಗಳನ್ನೆಲ್ಲ ನಾನು ಬಸಳೆ ಎಲೆ ಜಜ್ಜಿ, ರಸ ಹಿಂಡಿ, ನನ್ನ ಅಕ್ಕನ ನೆತ್ತಿಗೆ ತಿಕ್ಕುತ್ತಾ ಕಳೆದೆ ಅಂದರೆ ಈಗ ನನಗೇ ನಂಬಿಕೆ ಬರುವುದಿಲ್ಲ. ಅದಕ್ಕಿಂತಲೂ ನಂಬಲು ಕಷ್ಟವಾದದ್ದು, ಅಷ್ಟು ಹೊತ್ತು ನಾನು ಬಾಯಿ ಮುಚ್ಚಿ ಕುಳಿತಿದ್ದೆ ಎಂಬುದು.

ನಾನು ಮಣಿಪಾಲದಲ್ಲಿ ಹೊಲಿಗೆ ಕೆಲಸ ಮಾಡುವವಳು. ಹಾಸ್ಟೆಲುಗಳ ಹಿಂದಿನ ಓಣಿಯಲ್ಲಿ ನಮ್ಮ ಬಾಡಿಗೆ ಮನೆ, ಅದರ ಮುಂದಿನ ಕೋಣೆಯಲ್ಲಿ ನನ್ನ ಮೆಶಿನು. ರವಿಕೆ, ಲಂಗ ಎಲ್ಲ ಹೊಲಿಯುತ್ತೇನೆ. ಆದರೆ ಹೆಚ್ಚು ಬರುವುದು ಮೆಡಿಕಲ್ ಓದುವ ಮಕ್ಕಳ ಬಿಳಿ ಕೋಟು. ತೋಳು ಉದ್ದವಾಯಿತು, ಭುಜ ಇಳಿಯಿತು, ಗುಂಡಿ ಕಳೆದುಹೋಯಿತು, ನಾಳೆ ಬೆಳಿಗ್ಗೆಯೇ ಬೇಕು. ಎಲ್ಲೆಲ್ಲಿಂದಲೋ ಬಂದ ಮಕ್ಕಳು. ಅವರ ಜೊತೆ ನಾನು ನಾಲ್ಕಾರು ಭಾಷೆಯಲ್ಲಿ ಮಾತನಾಡುತ್ತೇನೆ, ಯಾವುದನ್ನೂ ಸರಿಯಾಗಿ ಕಲಿಯದೆ. ಮನೆಯಲ್ಲಿ ನಮ್ಮದು ತುಳು. ಇಲ್ಲಿ ಬರೆಯುವಾಗ ಎಲ್ಲರ ಬಾಯಿಗೂ ಕನ್ನಡ ಹಾಕಿದ್ದೇನೆ, ಅಷ್ಟೇ. ನಾನು ನಿದ್ದೆಯಲ್ಲೂ ಗಿರಾಕಿಗಳಿಗೆ ಜೋರು ಮಾಡುತ್ತೇನೆ ಎಂದು ನಮ್ಮ ಮನೆಯವರು ಹೇಳುತ್ತಾರೆ. ಹೇಳಲಿ. ಜೋರು ಮಾಡಿಯಾದರೂ ನಾನು ನಿದ್ದೆ ಮಾಡುತ್ತೇನಲ್ಲ.

ಅಕ್ಕ ಹಾಗಲ್ಲ. ಅವಳು ಕಡಿಮೆ ಮಾತಿನವಳು, ಕಾರ್ಕಳದಲ್ಲಿ ಇರುವವಳು. ಭಾವ ಮುಂಬಯಿಯ ಒಂದು ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಎದುರು ಕುಳಿತೇ ಆಯುಷ್ಯ ಕಳೆದರು. ವರ್ಷಕ್ಕೊಮ್ಮೆ ಬಂದು ನಾಲ್ಕು ದಿನ ನಿಂತು ಹೋಗುತ್ತಿದ್ದರು. ಕೊನೆಗೆ ಸೌಖ್ಯವಿಲ್ಲದೆ ಊರಿಗೇ ಬಂದರು, ಕೆಲವು ತಿಂಗಳು ಮಂಚದ ಮೇಲಿದ್ದರು, ಮಳೆಗಾಲ ಮುಗಿಯುವ ಹೊತ್ತಿಗೆ ಹೋಗಿಬಿಟ್ಟರು. ಅಕ್ಕ ಹೆಚ್ಚು ಅಳಲಿಲ್ಲ. ಬೊಜ್ಜದ ದಿನ, ಅಂದರೆ ಉತ್ತರಕ್ರಿಯೆಯ ದಿನ, ಬಂದವರಿಗೆಲ್ಲ ನಿಂತು ಊಟ ಬಡಿಸಿದಳು. ಗಟ್ಟಿ ಹೆಂಗಸು ಎಂದು ಎಲ್ಲರೂ ಹೊಗಳಿ, ಪಾಯಸ ಕುಡಿದು ಹೋದರು.

ಕೆಲವು ತಿಂಗಳ ಮೇಲೆ ಅವಳ ಮಗಳು ಫೋನು ಮಾಡಿದಳು. ಅವಳು ನಿಟ್ಟೆಯಲ್ಲಿ ಇಂಜಿನಿಯರಿಂಗ್ ಮಕ್ಕಳಿಗೆ ಪಾಠ ಮಾಡುತ್ತಾಳೆ, ಅಮ್ಮನ ಜೊತೆಯೇ ಇರುತ್ತಾಳೆ.

"ಚಿಕ್ಕಮ್ಮ, ಅಮ್ಮ ಮಲಗುವುದೇ ಇಲ್ಲ," ಅಂದಳು. "ಮಲಗಿದ ಹಾಗೆ ಮಾಡ್ತಾರೆ. ಮತ್ತೆ ಎದ್ದು ಹೋಗಿ ಬಾಗಿಲು ನೋಡ್ತಾರೆ. ಪುನಃ ಬಂದು ಮಲಗ್ತಾರೆ, ಪುನಃ ಎದ್ದು ನೋಡ್ತಾರೆ. ಬೆಳಗಾಗುವವರೆಗೆ ಇದೇ. ನಿನ್ನೆ ತಲೆ ತಿರುಗಿ ಮೆಟ್ಟಿಲಿನಲ್ಲಿ ಬಿದ್ದದ್ದು. ನಂಗೆ ಹೆದರಿಕೆ ಆಗ್ತದೆ ಚಿಕ್ಕಮ್ಮ. ಅಪ್ಪ ಹೋಗಿ ಆಯಿತು, ಇನ್ನು ಅಮ್ಮನೂ..."

"ಬಾಯಿ ಮುಚ್ಚು. ನಾಳೆಯೇ ಬಸ್ಸಿಗೆ ಹತ್ತಿಸು," ಅಂದೆ. ನನಗೂ ಹೆದರಿಕೆ ಆಗಿತ್ತು. ಹೆದರಿಕೆ ಆದಾಗ ನನ್ನ ಬಾಯಲ್ಲಿ ಬರುವುದು ಸಿಟ್ಟೇ.

ಹಿರಿಯಡಕ, ಪರ್ಕಳ ದಾಟಿ ಬಂದ ಬಸ್ಸಿನಿಂದ ಅಕ್ಕ ಇಳಿದಾಗ ನಾನು ಒಂದು ಗಳಿಗೆ ಬೇರೆ ಯಾರೋ ಅಂದುಕೊಂಡೆ. ಕಣ್ಣಿನ ಸುತ್ತ ಕಪ್ಪು. ಸೀರೆ ಉಟ್ಟದ್ದಲ್ಲ, ಸುತ್ತಿಕೊಂಡದ್ದು. ಮೊದಲೆಲ್ಲ ಅವಳ ಸೀರೆಯ ನೆರಿಗೆ ನೋಡಿ ನಾನು ಹೊಟ್ಟೆಕಿಚ್ಚು ಪಡುತ್ತಿದ್ದೆ. ಕೈ ಹಿಡಿದುಕೊಂಡೆ, ಕೈ ತಣ್ಣಗಿತ್ತು.

ಮಣಿಪಾಲದಲ್ಲಿ ಡಾಕ್ಟರರಿಗೇನು ಬರಗಾಲ. ಮಾರನೆಯ ದಿನವೇ ಕರೆದುಕೊಂಡು ಹೋದೆ. ನೋಡಿದ ಹುಡುಗಿ ಒಳ್ಳೆಯವಳು, ಅವಳು ಓದುತ್ತಿದ್ದಾಗ ಅವಳ ಕೋಟಿನ ತೋಳು ಗಿಡ್ಡ ಮಾಡಿದ್ದು ನಾನೇ. ಸಮಾಧಾನದಿಂದ ಕೇಳಿದಳು, ಸಮಾಧಾನದಿಂದ ಹೇಳಿದಳು: ಬಿಪಿ ಏರಿದೆ, ಹೀಗೆಯೇ ನಿದ್ದೆ ಇಲ್ಲದೆ ಹೋದರೆ ಹೃದಯ ತಡೆಯುವುದಿಲ್ಲ, ಇನ್ನೊಂದು ಸಲ ಬಿದ್ದರೆ ಏನೂ ಆಗಬಹುದು. ಬಿಪಿಗೆ ಒಂದು ಮಾತ್ರೆ, ನಿದ್ದೆಗೆ ಇನ್ನೊಂದು. ಬಿಪಿ ಮಾತ್ರೆಯನ್ನು ಅಕ್ಕ ನುಂಗಿದಳು. ನಿದ್ದೆಯದ್ದನ್ನು ದಿಂಬಿನ ಕೆಳಗೆ ಇಟ್ಟಳು.

"ಇದನ್ನು ಯಾಕೆ ನುಂಗುವುದಿಲ್ಲ?"

"ಅದು ನುಂಗಿದರೆ ಕೇಳುವುದಿಲ್ಲ."

"ಎಂತ ಕೇಳುವುದಿಲ್ಲ ಅಕ್ಕ?"

ಅವಳು ಗೋಡೆಯ ಕಡೆಗೆ ತಿರುಗಿ ಮಲಗಿದಳು. ನಾನು ಹೇಳುವಷ್ಟು ಹೇಳಿದೆ, ಬೈಯುವಷ್ಟು ಬೈದೆ. ಗೋಡೆಗೆ ಹೇಳಿದ ಹಾಗೆಯೇ ಆಯಿತು.

ಆಮೇಲೆ ಶುರುವಾಯಿತು ನೋಡಿ ಊರಿನವರ ಮದ್ದು. ನಿದ್ದೆ ಇಲ್ಲ ಅಂದರೆ ಸಾಕು, ನಮ್ಮ ಕಡೆ ಹಾದಿಯಲ್ಲಿ ಹೋಗುವವನೂ ನಿಂತು ಒಂದು ಮದ್ದು ಹೇಳಿ ಹೋಗುತ್ತಾನೆ. ಹಾಲಿಗೆ ಜಾಯಿಕಾಯಿ ತೇಯ್ದು ಕೊಡಿ ಎಂದರು, ಕೊಟ್ಟೆ. ತಿಮರೆಯ ತಂಬುಳಿ ಮಾಡಿ ಎಂದರು, ಮಾಡಿದೆ. ಕನ್ನಡದಲ್ಲಿ ಒಂದೆಲಗ ಅನ್ನುತ್ತಾರಲ್ಲ, ಬಾವಿಕಟ್ಟೆಯ ಬುಡದಲ್ಲಿ ಹರಡಿಕೊಳ್ಳುವ ಸಣ್ಣ ದುಂಡು ಎಲೆ, ಅದೇ ತಿಮರೆ. ಒಂದು ಆದಿತ್ಯವಾರ ಗಸಗಸೆ ಪಾಯಸ ಮಾಡಿದೆ. ಅಕ್ಕ ಎರಡು ಲೋಟ ಕುಡಿದಳು, ನಮ್ಮ ಮನೆಯವರು ರುಚಿ ನೋಡಲಿಕ್ಕೆಂದು ಮೂರು ಲೋಟ ಕುಡಿದರು. ಮಧ್ಯಾಹ್ನ ಒರಗಿದವರು ದೀಪ ಹಚ್ಚುವಾಗಲೂ ಏಳಲಿಲ್ಲ. ಸಂಜೆ ಹೋಗಬೇಕಿದ್ದ ಮದುವೆಯ ರಿಸೆಪ್ಶನ್ ತಪ್ಪಿತು. ಅಕ್ಕ ಅವರ ಪಕ್ಕದಲ್ಲಿ ಕುಳಿತು, ಕರೆಂಟು ಹೋದಾಗ ಪೇಪರಿನಿಂದ ಗಾಳಿ ಹಾಕಿದಳು. ಕಣ್ಣು ಮಾತ್ರ ಪಿಳಿಪಿಳಿ ಬಿಟ್ಟುಕೊಂಡೇ ಇದ್ದಳು.

ರವಿಕೆ ಹೊಲಿಸಲು ಬಂದ ಒಬ್ಬಾಕೆ ಎರ್ಮಾಳಿನ ಅಮ್ಮನ ವಿಷಯ ಹೇಳಿದ್ದು ಆ ದಿನಗಳಲ್ಲೇ. ಮೀನುಗಾರರ ಮನೆಯವರು, ನಿದ್ದೆಗೆ ಮದ್ದು ಕೊಡುತ್ತಾರೆ, ಹಣ ಮುಟ್ಟುವುದಿಲ್ಲ, ಎಲೆ ಅಡಿಕೆ ಇಟ್ಟರೆ ಸಾಕು. ನನಗೆ ಇಂಥದ್ದರಲ್ಲಿ ಅಷ್ಟೇನೂ ನಂಬಿಕೆ ಇಲ್ಲ. ಆದರೆ ಅಕ್ಕ ಹಿಂದಿನ ದಿನ ಬಚ್ಚಲಿನ ಬಾಗಿಲಲ್ಲಿ ಜೋಲಿ ತಪ್ಪಿ ಗೋಡೆ ಹಿಡಿದು ನಿಂತದ್ದನ್ನು ನೋಡಿದ್ದೆ. ಇವಳೂ ಕೈಬಿಟ್ಟು ಹೋದರೆ ನನಗೆ ಅಕ್ಕ ಅನ್ನಲು ಮತ್ತೆ ಯಾರಿದ್ದಾರೆ? ಆದಿತ್ಯವಾರ ಬೆಳಿಗ್ಗೆ ಬಸ್ಸು ಹತ್ತಿದೆ.

ಹೆದ್ದಾರಿಯಲ್ಲಿ ಇಳಿದು ಕಡಲ ಬದಿಗೆ ನಡೆದರೆ ಅವರ ಮನೆ. ಅಂಗಳದಲ್ಲಿ ಬಲೆ ಹರಡಿತ್ತು. ಒಳಗೆ ಟಿವಿಯಲ್ಲಿ ಧಾರಾವಾಹಿ, ಅದರ ಎದುರು ಕಾಲು ಚಾಚಿ ಕುಳಿತ ದಪ್ಪ ಹೆಂಗಸು. ಮದ್ದು ಕೊಡುವವರು ಅಂದರೆ ಮೆತ್ತಗೆ ಮಾತನಾಡುವವರು ಎಂದು ನಾನು ಯಾಕೆ ಭಾವಿಸಿದ್ದೆನೋ. ಅವರ ದನಿ ನನ್ನದಕ್ಕಿಂತ ದೊಡ್ಡದು.

"ಯಾರಿಗೆ, ನಿಂಗಾ?"

"ಅಲ್ಲ ಅಮ್ಮ, ನನ್ನ ಅಕ್ಕನಿಗೆ."

"ಒಂದೇ ಹೊಟ್ಟೆಯವರಾ?"

"ಹೌದು."

"ಹಾಗಾದರೆ ನಿನ್ನ ಕೈಯೇ ಆಗಬೇಕು. ಎಣ್ಣೆ ನಾನು ಕೊಡ್ತೇನೆ, ತಿಮರೆ ಹಾಕಿ ಕಾಯಿಸಿದ್ದು. ಬಸಳೆ ನಿಮ್ಮ ಮನೆಯದ್ದು. ಎಲೆ ಜಜ್ಜಿ ರಸ ಹಿಂಡಿ ಎಣ್ಣೆಗೆ ಕಲಸಿ ಮಂಡೆಗೆ ತಿಕ್ಕು, ಮಧ್ಯಾಹ್ನ ಊಟ ಆದ ಮೇಲೆ. ತಿಕ್ಕಲಿಕ್ಕೆ ಕೂತಲ್ಲಿಂದ ಅವಳು ತಾನಾಗಿ ಏಳುವವರೆಗೆ ನೀನು ಮಾತಾಡಲಿಕ್ಕಿಲ್ಲ."

"ಅವಳು ಮಾತಾಡಿದರೆ?"

"ಅವಳು ಬೇಕಾದ್ದು ಮಾತಾಡಲಿ. ನೀನು ಇಲ್ಲ. ಹೂಂ ಅನ್ನಲಿಕ್ಕೂ ಇಲ್ಲ."

"ಅದು ಯಾಕೆ ಹಾಗೆ?"

"ನಂಗೆ ಗೊತ್ತಿಲ್ಲ ಮಾರಾಯ್ತಿ. ನನ್ನ ಅತ್ತೆ ಹೀಗೇ ಹೇಳಿ ಕೊಟ್ಟದ್ದು. ಬೇಕಾದರೆ ತಕೊ, ಇಲ್ಲದಿದ್ದರೆ ಇಟ್ಟು ಹೋಗು," ಎಂದು ಅವರು ಟಿವಿಯ ಕಡೆ ತಿರುಗಿದರು.

ಎಲೆ ಅಡಿಕೆ ಇಟ್ಟು, ಎಣ್ಣೆಯ ಬಾಟ್ಲಿ ಚೀಲಕ್ಕೆ ಹಾಕಿ, ಮೆಟ್ಟಿಲಿಳಿದೆ. ಇಳಿಯುವಾಗ ಬಾಯಿ ತಾನಾಗಿ ಹೇಳಿತು: "ಬರ್ತೇನೆ ಅಮ್ಮ, ಆಯ್ತಾ?"

ಟಿವಿ ಬಂದ್ ಆಯಿತು. ಆ ದಪ್ಪ ಶರೀರ ಅಷ್ಟು ಬೇಗ ಎದ್ದು ಬರಬಹುದೆಂದು ನನಗೆ ಗೊತ್ತಿರಲಿಲ್ಲ.

ಬೇರೆ ಊರಿನ ಓದುಗರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಾರ ಮನೆಯಿಂದ ಹೊರಟರೂ ನಾವು ಹೋಗುತ್ತೇನೆ ಅನ್ನುವವರಲ್ಲ, ಬರುತ್ತೇನೆ ಅನ್ನುವವರು. ಆದರೆ ಎರಡು ಕಡೆ ಆ ಮಾತು ಆಡಬಾರದು. ಒಂದು ಸಾವಿನ ಮನೆ, ಇನ್ನೊಂದು ಮದ್ದಿನ ಮನೆ. ಬರುತ್ತೇನೆ ಅಂದರೆ ಪುನಃ ಅದೇ ಕಾರಣಕ್ಕೆ ಬರುವ ಹಾಗಾಗುತ್ತದೆ. ಅಂಥ ಮನೆಯಿಂದ ಸುಮ್ಮನೆ ಎದ್ದು, ಹಿಂದೆ ನೋಡದೆ ಹೋಗಬೇಕು. ಸಣ್ಣ ಮಕ್ಕಳಿಗೂ ಗೊತ್ತಿರುವ ಸಂಗತಿ.

"ಎಂತ ಹೆಂಗಸು ನೀನು? ತಾಯಿ ಹೇಳಿಕೊಟ್ಟಿಲ್ಲವಾ ನಿಂಗೆ?" ಎಂದು ಅವರು ನನ್ನ ಚೀಲಕ್ಕೆ ಕೈ ಹಾಕಿ ಬಾಟ್ಲಿ ತೆಗೆದುಕೊಂಡರು, ಬಿರಡೆ ತೆಗೆದು ಎಣ್ಣೆಯನ್ನು ತೆಂಗಿನ ಬುಡಕ್ಕೆ ಹೊಯ್ದೇಬಿಟ್ಟರು. "ಇದು ಹಾಳಾಯ್ತು. ಮುಂದಿನ ಆದಿತ್ಯವಾರ ನೋಡುವ."

ನನಗೆ ಬಂದ ಸಿಟ್ಟು ಹೇಳತೀರದು. ಅವರ ಮೇಲೆ ಅರ್ಧ, ನನ್ನ ನಾಲಿಗೆಯ ಮೇಲೆ ಅರ್ಧ. ಅಕ್ಕ ಇನ್ನೊಂದು ವಾರ ಎಚ್ಚರ ಇರಬೇಕಲ್ಲ ಎಂದು ನೆನೆದಾಗ ಬಸ್‌ಸ್ಟಾಪಿನಲ್ಲಿ ನಿಂತು ಅಳು ಬಂತು.

ಮುಂದಿನ ಆದಿತ್ಯವಾರ ಹೋದಾಗ ಬಾಟ್ಲಿಯ ಜೊತೆಗೆ ಹೊಸ ಅಪ್ಪಣೆಯೂ ಸಿಕ್ಕಿತು. ನನ್ನಂಥವಳಿಗೆ ದಾರಿಯಲ್ಲೂ ಮಾತು ಬೇಡವಂತೆ, ಮನೆ ಮುಟ್ಟುವವರೆಗೆ ತುಟಿ ಬಿಚ್ಚಬಾರದಂತೆ. ಸೆರಗಿನ ಚುಂಗು ಕಚ್ಚಿಕೊಂಡೇ ಅಂಗಳ ದಾಟಿದೆ. ಬಸ್ಸಿನಲ್ಲಿ ಕಂಡಕ್ಟರು ಎಲ್ಲಿಗೆ ಅಂದ. ನಾನು ಬಡಗು ದಿಕ್ಕಿಗೆ ಕೈ ತೋರಿಸಿದೆ. "ಕಾಪು? ಕಟಪಾಡಿ? ಉಡುಪಿ?" ಉಡುಪಿಗೆ ತಲೆ ಆಡಿಸಿದೆ. ಅವನು ನನ್ನ ಮುಖ ನೋಡಿದ, ಪಾಪ ಅನ್ನಿಸಿರಬೇಕು, ಕಿಟಕಿಯ ಬದಿಯಲ್ಲಿ ಕುಳಿತಿದ್ದ ಗಂಡಸನ್ನು ಎಬ್ಬಿಸಿದ. "ಮಾತು ಬರುವುದಿಲ್ಲ ಅವರಿಗೆ, ಕೂರಲಿ." ನನ್ನ ಜೀವಮಾನದಲ್ಲಿ ನನ್ನ ಬಗ್ಗೆ ಯಾರೂ ಹೇಳದ ಮಾತು ಅದು. ನಗು ತಡೆಯಲು ಹೊರಗೆ ನೋಡುತ್ತಾ ಕುಳಿತೆ.

ಉಚ್ಚಿಲ ದಾಟಿತು. ಮಾತಿಲ್ಲದಿದ್ದರೆ ಕಣ್ಣಿಗೆ ಎಷ್ಟೊಂದು ಕಾಣಿಸುತ್ತದೆ ಎಂದು ನನಗೆ ಅಂದು ತಿಳಿಯಿತು. ತೆಂಗಿನ ಗರಿಗಳ ನಡುವೆ ಬಿಸಿಲು ಬೀಳುತ್ತಿತ್ತು, ಏಳುತ್ತಿತ್ತು, ಬೀಳುತ್ತಿತ್ತು. ಮಡಿಲಲ್ಲಿ ಬಾಟ್ಲಿ ಬೆಚ್ಚಗಿತ್ತು. ಕಾಪು ಬಂದಾಗ ಅರ್ಧ ಕಣ್ಣು ಮುಚ್ಚಿದ್ದೆ. ಕಾಪು ನಮ್ಮ ತವರು. ನಾವು ಸಣ್ಣವರಿದ್ದಾಗ ಕಡಲಿಗೆ ಹತ್ತಿರದ ಮನೆ, ಇಬ್ಬರಿಗೂ ಒಂದೇ ಚಾಪೆ. ನಿದ್ದೆ ಬಾರದ ಮಗು ಆಗ ನಾನು. ದೀಪಸ್ತಂಭದ ಬೆಳಕು ಸುತ್ತಿ ಸುತ್ತಿ ಬರುತ್ತಿತ್ತು. ಕಿಟಕಿಯಿಂದ ಒಳಗೆ ಬಂದು, ಗೋಡೆಯ ಮೇಲಿನ ಕ್ಯಾಲೆಂಡರನ್ನು ಒಮ್ಮೆ ಮುಟ್ಟಿ, ಹೋಗಿಬಿಡುತ್ತಿತ್ತು. ಅಕ್ಕ ನನ್ನ ನೆತ್ತಿಯ ಮೇಲೆ ಕೈ ಇಟ್ಟು ಹೇಳುತ್ತಿದ್ದಳು, ಇನ್ನೊಂದು ಸಲ ಬೆಳಕು ಬರುವಾಗ ನಿನ್ನ ಕಣ್ಣು ಮುಚ್ಚಿರಬೇಕು. ನಾನು ಗಟ್ಟಿಯಾಗಿ ಮುಚ್ಚುತ್ತಿದ್ದೆ. ಬೆಳಕು ಬಂತಾ ಅಕ್ಕ ಅಂತ ಕೇಳುತ್ತಿದ್ದೆ. ಇನ್ನೂ ಇಲ್ಲ, ಇನ್ನೂ ಇಲ್ಲ ಅನ್ನುತ್ತಿದ್ದಳು. ಬಂತು ಎಂದು ಅವಳು ಹೇಳಿದ್ದನ್ನು ನಾನು ಒಂದು ದಿನವೂ ಕೇಳಿದ್ದಿಲ್ಲ.

ಉಡುಪಿಯಲ್ಲಿ ಕಂಡಕ್ಟರು ಕೈ ಹಿಡಿದು ಇಳಿಸಿದ.

ಹಾಗೆ ಶುರುವಾದದ್ದು ನಮ್ಮ ಮಧ್ಯಾಹ್ನಗಳು. ಊಟ ಆಗಬೇಕು, ಪಾತ್ರೆ ತೊಳೆದಿಡಬೇಕು, ಕಂಪೌಂಡಿನ ಬದಿಯ ಚಪ್ಪರದಿಂದ ದಪ್ಪ ದಪ್ಪ ಎಲೆ ಕೊಯ್ದು ತರಬೇಕು. ಜಜ್ಜಿದರೆ ಲೋಳೆಯಾಗಿ ಬರುತ್ತದೆ ಹಸಿರು ರಸ. ಬಟ್ಟೆಯಲ್ಲಿ ಸೋಸಿ ಎಣ್ಣೆಗೆ ಕಲಸಿದರೆ ಮಳೆ ನಿಂತ ಮೇಲಿನ ಹಿತ್ತಿಲಿನ ವಾಸನೆ. ಒಳಕೋಣೆಯಲ್ಲಿ ಚಾಪೆ ಹಾಸಿ, ನನ್ನ ತೊಡೆಯ ಮೇಲೆ ಹಳೆಯ ಟವೆಲು, ಅದರ ಮೇಲೆ ಅಕ್ಕನ ತಲೆ. ಫ್ಯಾನು ತಿರುಗುತ್ತಿತ್ತು. ಅವಳ ಕೂದಲು ಇಷ್ಟು ತೆಳುವಾದದ್ದು ಯಾವಾಗ ಎಂದು ಕೇಳಲು ಬಾಯಿ ತೆರೆದೆ, ಮುಚ್ಚಿದೆ. ಮೊದಲ ದಿನ ಹೀಗೆ ಎಷ್ಟು ಸಲ ತೆರೆದು ಮುಚ್ಚಿದೆನೋ ದೇವರಿಗೇ ಗೊತ್ತು.

ಗಿರಾಕಿಗಳಿಗೆ ಇದೆಲ್ಲ ಹೇಗೆ ತಿಳಿಯಬೇಕು? ಒಂದು ದಿನ ಒಬ್ಬಳು ಹುಡುಗಿ ಕೋಟು ಕೇಳುತ್ತಾ ಒಳಕೋಣೆಯ ಬಾಗಿಲಿಗೇ ಬಂದು ನಿಂತಳು. ನಾನು ಹಸಿರು ಕೈ ಎತ್ತಿ ಮೆಶಿನಿನ ಬದಿ ತೋರಿಸಿದೆ, ಮೊಳೆಗೆ ತೂಗುಹಾಕಿದ್ದು ಎಂದು ಗಾಳಿಯಲ್ಲೇ ತೂಗುಹಾಕಿ ತೋರಿಸಿದೆ. ಅವಳು ನನ್ನ ಕೈ ನೋಡಿದಳು, ಅಕ್ಕನ ಹಸಿರು ತಲೆ ನೋಡಿದಳು, ಕೋಟು ತೆಗೆದುಕೊಂಡು ಚಪ್ಪಲಿ ಹಾಕದೆ ಓಡಿದಳು. ಚಪ್ಪಲಿಗೆ ಸಂಜೆ ಗೆಳತಿಯನ್ನು ಕಳುಹಿಸಿದಳು. ನಮ್ಮ ಮನೆಯವರಿಗಂತೂ ಹಬ್ಬ. ಮಧ್ಯಾಹ್ನ ಊಟಕ್ಕೆ ಬಂದವರು ವರಾಂಡದಲ್ಲಿ ಪೇಪರು ಓದುತ್ತಾ, "ಈ ಮದ್ದು ಮೂರು ಹೊತ್ತೂ ಹಚ್ಚಬಹುದಾ ಅಂತ ಎರ್ಮಾಳಿನವರಲ್ಲಿ ಒಮ್ಮೆ ಕೇಳು ಮಾರಾಯ್ತಿ," ಅನ್ನುತ್ತಿದ್ದರು. ಉತ್ತರ ಕೊಡಲು ಸಂಜೆಯವರೆಗೆ ಕಾಯಬೇಕಲ್ಲ ಎಂಬುದೇ ನನಗೆ ಸಂಕಟ. ಸಂಜೆ ಬಡ್ಡಿ ಸೇರಿಸಿ ಕೊಡುತ್ತಿದ್ದೆ.

ಮೊದಮೊದಲು ಅಕ್ಕ ಕಣ್ಣು ಮುಚ್ಚಿ ಸುಮ್ಮನೆ ಮಲಗುತ್ತಿದ್ದಳು, ನಿದ್ದೆ ಇಲ್ಲ. ಸ್ವಲ್ಪ ಹೊತ್ತಿಗೆ ಎದ್ದು ತಲೆಗೆ ಬಿಸಿನೀರು ಹೊಯ್ದುಕೊಳ್ಳುತ್ತಿದ್ದಳು. ನಿದ್ದೆ ಬರುತ್ತಿದ್ದದ್ದು ನನಗೆ. ಬೆರಳು ನೆತ್ತಿಯ ಮೇಲೆ ಸುತ್ತುತ್ತಾ ಸುತ್ತುತ್ತಾ, ಫ್ಯಾನಿನ ಸದ್ದು ಕಡಲಿನ ಸದ್ದಾಗಿ, ನಾನು ಕಾಪುವಿನ ಮನೆಯ ಚಾಪೆಯಲ್ಲಿ ಇದ್ದೇನೆ ಅನ್ನಿಸುತ್ತಿತ್ತು. ತೊಡೆಯ ಮೇಲಿರುವುದು ಅಕ್ಕನ ತಲೆಯೋ ನನ್ನದೋ ಗೊತ್ತಾಗುತ್ತಿರಲಿಲ್ಲ. ಬೆಚ್ಚಿ ಕಣ್ಣು ತೆರೆದರೆ ಪರದೆಯ ಬಿಸಿಲು ಗೋಡೆಯ ಇನ್ನೊಂದು ಬದಿಗೆ ಹೋಗಿರುತ್ತಿತ್ತು.

ಆಮೇಲೆ ಅವಳು ಮಾತನಾಡತೊಡಗಿದಳು.

ನಾನು ಬಾಯಿ ಬಿಟ್ಟರೆ ಅಕ್ಕ ತನ್ನದನ್ನು ಮುಚ್ಚುವವಳು. ಹುಟ್ಟಿದಾಗಿನಿಂದ ನಮ್ಮಲ್ಲಿ ಹೀಗೆಯೇ. ಈಗ ನನ್ನ ಕಡೆಯಿಂದ ಏನೂ ಬಾರದೇ ಇದ್ದಾಗ ಆ ಜಾಗವನ್ನು ಅವಳು ತುಂಬಿದಳೋ ಏನೋ. ಸಣ್ಣ ಸಣ್ಣ ಸಂಗತಿ. ಬಿಕರ್ನಕಟ್ಟೆಯ ಅತ್ತೆಯ ಮದುವೆಯಲ್ಲಿ ನಾನು ಹೋಳಿಗೆ ಕದ್ದದ್ದು. ಕಾರ್ಕಳದ ಮನೆಯ ನಲ್ಲಿಯಲ್ಲಿ ನೀರು ಬರುವ ಹೊತ್ತು. ಕಣ್ಣು ಮುಚ್ಚಿಕೊಂಡು, ಯಾರಿಗೂ ಅಲ್ಲ ಎಂಬ ಹಾಗೆ ಹೇಳುತ್ತಿದ್ದಳು. ಒಂದು ದಿನ, ಯಾವ ಪೀಠಿಕೆಯೂ ಇಲ್ಲದೆ, ಭಾವನ ವಿಷಯ ಹೇಳಿದಳು.

"ಅವರಿಗೆ ಮಾತಾಡಲಿಕ್ಕೆ ಬರುತ್ತಿರಲಿಲ್ಲ, ಗೊತ್ತುಂಟಲ್ಲ ನಿಂಗೆ," ಅಂದಳು. "ಮೊಬೈಲು ಬಂದ ಮೇಲೆ ದಿನಾ ಫೋನು ಮಾಡ್ತಿದ್ದರು. ಹೋಟೆಲು ಬಾಗಿಲು ಹಾಕಿ, ಲೆಕ್ಕ ಮುಗಿಸಿ, ಮತ್ತೆ. ಎಷ್ಟು ಹೊತ್ತಾದರೂ ನಾನು ಕಾಯ್ತಿದ್ದೆ. ಕಾದು ಕಾದು ಫೋನು ಬಂದರೆ ಕೇಳುವುದು ಒಂದೇ. ಬಾಗಿಲು ಹಾಕಿದಿಯಾ? ನಾನು ಹೇಳುವುದೂ ಒಂದೇ. ಹಾಕಿದ್ದೇನೆ, ನೀವು ಮಲಗಿ. ಅಷ್ಟೇ. ಫೋನು ಇಟ್ಟಾಯಿತು. ಮತ್ತೆ ನಂಗೆ ನಿದ್ದೆ."

ನನ್ನ ಬೆರಳು ನಿಂತಿತು. ನಿಲ್ಲಿಸಬಾರದು ಎಂದು ಪುನಃ ತಿಕ್ಕತೊಡಗಿದೆ.

"ಊರಿಗೆ ಬಂದ ಮೇಲೂ ಬಿಟ್ಟಿಲ್ಲ. ಮಂಚದಲ್ಲಿ ಬಿದ್ದಲ್ಲಿಂದಲೇ, ನಾನು ಆಚೆ ಕೋಣೆಯಲ್ಲಿ ಲೈಟು ಆರಿಸುವಾಗ ಕೇಳುವುದು. ಬಾಗಿಲು ಹಾಕಿದಿಯಾ? ದನಿ ಹೋಗಿತ್ತು, ಆದರೂ ಕೇಳುವುದು. ಈಗ ನಾನು ಬಾಗಿಲು ಹಾಕ್ತೇನೆ. ಹಾಕಿದ್ದೇನೆ ಅಂತ ಗೊತ್ತುಂಟು. ಆದರೆ ಯಾರೂ ಕೇಳುವುದಿಲ್ಲ ಅಲ್ವಾ. ಕೇಳದಿದ್ದರೆ ಹಾಕಿದ ಹಾಗೆಯೇ ಆಗುವುದಿಲ್ಲ. ಎದ್ದು ನೋಡ್ತೇನೆ. ಹಾಕಿಯೇ ಇರ್ತದೆ. ಮಲಗಿದರೆ ಪುನಃ ಅನ್ನಿಸ್ತದೆ, ಈಗ ಕೇಳ್ತಾರೆ, ಈಗ ಕೇಳ್ತಾರೆ. ಮಾತ್ರೆ ನುಂಗಿ ಮಲಗಿದರೆ, ಕೇಳಿದಾಗ ನಂಗೆ ಗೊತ್ತಾಗದಿದ್ದರೆ?"

ಆ ಗಳಿಗೆಯಲ್ಲಿ ನನಗೆ ಹೇಳಬೇಕು ಅನ್ನಿಸಿದ್ದು ಎಷ್ಟೋ. ಹೋದವರು ಕೇಳುವುದಿಲ್ಲ ಅಕ್ಕ. ಮರುಳಾ ನಿಂಗೆ. ಅಳು ಒಮ್ಮೆ, ಎಲ್ಲ ಸರಿ ಹೋಗುತ್ತದೆ. ಮಾತನಾಡುವ ಹಾಗಿದ್ದಿದ್ದರೆ ಇದನ್ನೆಲ್ಲ ಖಂಡಿತ ಹೇಳುತ್ತಿದ್ದೆ, ಹೇಳಿ ಅವಳ ಬಾಯಿ ಮತ್ತೆ ಮುಚ್ಚಿಸುತ್ತಿದ್ದೆ. ಹೂಂ ಅನ್ನಲಿಕ್ಕೂ ಇಲ್ಲವಲ್ಲ. ಕಣ್ಣೀರು ಒರೆಸಲು ಕೈ ತುಂಬ ಎಣ್ಣೆ. ಅದು ಅವಳ ಹಣೆಯ ಮೇಲೆಯೇ ಬಿತ್ತು, ಅದನ್ನೂ ರಸದ ಜೊತೆ ಸೇರಿಸಿ ತಿಕ್ಕಿದೆ. ಸ್ವಲ್ಪ ಹೊತ್ತಿನಲ್ಲಿ ಅವಳ ತಲೆ ಭಾರವಾಯಿತು. ಬಾಯಿ ಒಂದಿಷ್ಟು ತೆರೆಯಿತು. ಅಕ್ಕ ನಿದ್ದೆ ಹೋಗಿದ್ದಳು.

ಬೀದಿ ದೀಪ ಹತ್ತುವವರೆಗೆ ನಾನು ಅಲುಗಾಡಲಿಲ್ಲ. ಕಾಲು ಜೋಮು ಹಿಡಿದು ನನ್ನದಲ್ಲದ ಹಾಗೆ ಆಗಿತ್ತು. ನಮ್ಮ ಮನೆಯವರು ಬಾಗಿಲಲ್ಲಿ ನಿಂತು ನೋಡಿದರು, ತಮಾಷೆ ಮಾಡಲಿಲ್ಲ, ಅಡುಗೆ ಮನೆಗೆ ಹೋಗಿ ತಾವೇ ಚಹಾ ಮಾಡಿದರು.

ಮದ್ದು ಹಿಡಿಯಿತು ಎಂದು ನಾನು ಕುಣಿದಾಡಿದೆ. ಆದರೆ ಆ ರಾತ್ರಿ ಪುನಃ ಅದೇ. ಆಚೆ ಕೋಣೆಯಲ್ಲಿ ಚಾಪೆಯ ಸದ್ದು, ಹೆಜ್ಜೆಯ ಸದ್ದು, ಚಿಲಕ ಮುಟ್ಟಿ ನೋಡುವ ಸದ್ದು. ನಾನು ಮಲಗಿದಲ್ಲೇ ಕೇಳುತ್ತಿದ್ದೆ. ಏನು ಮಾಡಬೇಕು ಎಂದು ನನಗೆ ಗೊತ್ತಿತ್ತು. ಆದರೆ ಯಾರೂ ಕೇಳದಿದ್ದರೂ ಆಡುವ ನನ್ನ ಬಾಯಿ ಅಂದು ಹೆದರಿತು. ಅದು ಭಾವನ ಮಾತು. ಅದನ್ನು ನಾನು ಆಡಿದರೆ ಅಣಕಿಸಿದ ಹಾಗೆ ಆದರೆ? ಅವಳು ಬೇಸರದಿಂದ ಬಸ್ಸು ಹತ್ತಿ ಹೊರಟೇ ಹೋದರೆ? ಅವಳು ಮೂರನೆಯ ಸಲವೋ ನಾಲ್ಕನೆಯ ಸಲವೋ ಹೋಗಿ ಬಂದು ಮಲಗಿದ ಮೇಲೆ, ಕತ್ತಲೆಯಲ್ಲಿ ಗಂಟಲು ಸರಿಮಾಡಿಕೊಂಡು ಕೇಳಿದೆ.

"ಅಕ್ಕಾ, ಬಾಗಿಲು ಹಾಕಿದಿಯಾ?"

ಆಚೆ ಕಡೆ ಅವಳು ಚಾಪೆಯಲ್ಲಿ ಎದ್ದು ಕುಳಿತ ಸದ್ದು.

"ಹಾಕಿದ್ದೇನೆ," ಅಂದಳು ಅಕ್ಕ. ಬಹಳ ಹೊತ್ತಿನ ಮೇಲೆ, ಬೇರೆಯೇ ಒಂದು ದನಿಯಲ್ಲಿ, "ನೀನು ಮಲಗು."

ಆಮೇಲೆ ಅವಳು ಅತ್ತಳು. ಬೊಜ್ಜದ ದಿನ ಅಳದೆ ಉಳಿಸಿಕೊಂಡದ್ದನ್ನೆಲ್ಲ ಅತ್ತಳು. ನಾನು ಹೋಗಲಿಲ್ಲ, ಸಮಾಧಾನ ಹೇಳಲಿಲ್ಲ. ಅಷ್ಟು ಮಧ್ಯಾಹ್ನಗಳಲ್ಲಿ ಅಷ್ಟಾದರೂ ಕಲಿತಿದ್ದೆ. ಅಳು ನಿಂತಿತು. ಅದಾದ ಮೇಲೆ ಚಿಲಕದ ಸದ್ದು ಕೇಳಲಿಲ್ಲ. ಬೆಳಿಗ್ಗೆ ಹಾಲಿನವನು ಬಂದಾಗಲೂ ಅಕ್ಕ ಮಗ್ಗುಲು ಬದಲಿಸದೆ ಮಲಗಿದ್ದಳು.

ಬಾಟ್ಲಿಯ ಎಣ್ಣೆ ಮುಗಿಯುವವರೆಗೆ ಅಕ್ಕ ನಮ್ಮಲ್ಲಿ ಇದ್ದಳು. ಮಧ್ಯಾಹ್ನ ಬಸಳೆಯ ರಸ, ರಾತ್ರಿ ಆ ಒಂದು ಪ್ರಶ್ನೆ. ಯಾವುದು ಮದ್ದು, ಯಾವುದು ಪಥ್ಯ ಎಂದು ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಡಾಕ್ಟರ್ ಹುಡುಗಿ ಬಿಪಿ ನೋಡಿ ಮಾತ್ರೆ ಕೆಲಸ ಮಾಡಿದೆ ಎಂದು ಸಂತೋಷಪಟ್ಟಳು. ಆ ಮಾತ್ರೆಗೂ ಅದರ ಪಾಲು ಸಲ್ಲಬೇಕು, ಅಲ್ಲವೇ. ಅಕ್ಕನ ಸೀರೆಗೆ ನೆರಿಗೆ ಬಂತು. ಒಂದು ದಿನ ನನ್ನ ಪದಾರ್ಥಕ್ಕೆ ಉಪ್ಪು ಜಾಸ್ತಿ ಎಂದಳು. ಉಪ್ಪು ಸರಿಯಾಗಿಯೇ ಇತ್ತು, ಆದರೂ ನಾನು ಜಗಳಕ್ಕೆ ಹೋಗಲಿಲ್ಲ.

ಹೊರಡುವ ದಿನ ಬಸ್‌ಸ್ಟಾಂಡಿಗೆ ಬಿಡಲು ಹೋದೆ. ಕಾರ್ಕಳದ ಬಸ್ಸು ಬಂತು. ಚೀಲ ಹತ್ತಿಸಿದೆ. ಅಕ್ಕ ಹತ್ತಿ ಕುಳಿತಳು, ಒಂದು ಮಾತಿಲ್ಲ. ತಂಗಿಯ ಮನೆಯಿಂದ ಹೊರಡುವವಳು ಬರ್ತೇನೆ ಎಂದು ಸಹ ಹೇಳಲಿಲ್ಲವಲ್ಲ ಎಂದು ನನಗೆ ಚುಚ್ಚಿತು. ಕಿಟಕಿಯ ಕೆಳಗೆ ನಿಂತು ಮುಖ ಊದಿಸಿಕೊಂಡು ನೋಡಿದೆ. ಅಕ್ಕ ತುಟಿಯ ಮೇಲೆ ಬೆರಳಿಟ್ಟು ನಕ್ಕಳು. ಆಗ ಹೊಳೆಯಿತು. ಅವಳ ಪಾಲಿಗೆ ನನ್ನ ಮನೆ ಮದ್ದಿನ ಮನೆ. ನಾನೂ ಬಾ ಅನ್ನಲಿಲ್ಲ, ಹಿಂದೆ ನೋಡದೆ ನಡೆದು ಬಂದೆ.

ಅಂದಿನಿಂದ ದಿನಾ ರಾತ್ರಿ ಮೆಶಿನಿಗೆ ಬಟ್ಟೆ ಮುಚ್ಚಿ ನಾನು ಕಾರ್ಕಳಕ್ಕೆ ಫೋನು ಮಾಡುತ್ತಿದ್ದೆ. ಬೇರೆ ಮಾತಿಲ್ಲ. ಇಷ್ಟು ವರ್ಷ ಫೋನಿನಲ್ಲಿ ಊರಿನ ಸುದ್ದಿಯೆಲ್ಲ ಮಾತನಾಡಿದವಳು ನಾನು. ಅವಳು ಎತ್ತಿದ ಕೂಡಲೇ, ಬಾಗಿಲು ಹಾಕಿದಿಯಾ. ಹಾಕಿದ್ದೇನೆ, ಮಲಗು. ಅಷ್ಟೇ. ನಮ್ಮ ಮನೆಯವರು ಫೋನು ಕಂಪೆನಿಯವರಿಗೆ ನಿನ್ನಿಂದ ಈಗ ನಷ್ಟ ಎಂದು ನಗುತ್ತಿದ್ದರು.

ಮಳೆ ಶುರುವಾದ ಮೇಲೆ ಒಂದು ರಾತ್ರಿ ಫೋನು ಹೊಡೆದುಕೊಳ್ಳುತ್ತಲೇ ಇತ್ತು, ಅಕ್ಕ ಎತ್ತಲಿಲ್ಲ. ಪುನಃ ಮಾಡಿದೆ. ಮೆಟ್ಟಿಲು ನೆನಪಾಯಿತು, ಬಿಪಿ ನೆನಪಾಯಿತು, ಏನೇನೋ ನೆನಪಾಯಿತು. ಮೂರನೆಯ ಸಲ ಮಗಳು ಎತ್ತಿದಳು. ಪಿಸುದನಿಯಲ್ಲಿ ಮಾತನಾಡಿದಳು.

"ಅಮ್ಮ ಮಲಗಿದ್ದಾರೆ ಚಿಕ್ಕಮ್ಮ. ಊಟ ಆಗಿ ಹಾಗೇ ಒರಗಿದ್ದು, ಗಾಢ ನಿದ್ದೆ. ಎಬ್ಬಿಸುವುದು ಬೇಡ ಅಂತ ನಾನೇ ಫೋನು ತಕೊಂಡು ಹೊರಗೆ ಬಂದೆ."

"ಆಯ್ತು ಮಗಾ. ಎಬ್ಬಿಸಬೇಡ," ಅಂದೆ. ಇಡುವವಳಿದ್ದೆ. ಅವಳು ಇಡಲಿಲ್ಲ.

"ಚಿಕ್ಕಮ್ಮ, ನನ್ನತ್ರ ಕೇಳುವುದಿಲ್ಲವಾ?"

ಆ ಪ್ರಶ್ನೆಯ ವಿಷಯ ನಾನು ಅವಳಿಗೆ ಹೇಳಿರಲಿಲ್ಲ. ಅಕ್ಕನೂ ಹೇಳುವವಳಲ್ಲ. "ನಿಂಗೆ ಹೇಗೆ ಗೊತ್ತು?" ಅಂದೆ.

"ಅಮ್ಮನ ಕೋಣೆಗೂ ನನ್ನದಕ್ಕೂ ನಡುವೆ ಗೋಡೆ ಒಂದೇ ಅಲ್ವಾ. ಸಣ್ಣವಳಿರುವಾಗಿನಿಂದ ಅಮ್ಮ ಅಪ್ಪನಿಗೆ ಹೇಳುವುದು ಕೇಳ್ತಿತ್ತು, ಈಗ ನಿಮಗೆ ಹೇಳುವುದೂ ಕೇಳ್ತದೆ," ಅಂದಳು. "ಅದು ಕೇಳಿದ ಮೇಲೆಯೇ ನಂಗೂ ನಿದ್ದೆ ಬರುತ್ತಿದ್ದದ್ದು."

ಅಮ್ಮನ ಎಚ್ಚರವನ್ನು ಇಷ್ಟು ತಿಂಗಳು ಯಾರು ನೋಡಿದ್ದು, ಎದ್ದದ್ದು ಕೂತದ್ದು ಯಾರು ಎಣಿಸಿದ್ದು ಎಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಆ ಹುಡುಗಿಯ ಮಂಡೆಗೆ ಯಾರೂ ಕೈ ಇಟ್ಟಿರಲಿಲ್ಲ. ಹೊರಗೆ ಜೋರು ಮಳೆ, ಕಾರ್ಕಳದಲ್ಲೂ ಅದೇ ಮಳೆ ಫೋನಿನಲ್ಲಿ ಕೇಳುತ್ತಿತ್ತು.

"ಬಾಗಿಲು ಹಾಕಿದಿಯಾ ಮಗಾ?" ಅಂದೆ.

"ಹಾಕಿದ್ದೇನೆ ಚಿಕ್ಕಮ್ಮ," ಅಂದಳು ಅವಳು. "ನೀವು ಮಲಗಿ."